ನೆನಪಿನ ಚೀಟಿ

ವ್ಯಾಪಾರವು ನೆನಪಿನ ಮೇಲೆ ನಿಂತಿದೆ. ಕೊಟ್ಟವರು ಯಾರು, ಕೊಂಡವರು ಯಾರು, ಬಾಕಿ ಎಷ್ಟು, ವಾಯಿದೆ ಎಂದಿಗೆ ಎಂಬ ನಾಲ್ಕು ಸಂಗತಿಗಳನ್ನು ನೆನಪಿಡಲಾರದ ಅಂಗಡಿಯು ಒಂದು ಸುಗ್ಗಿಯನ್ನೂ ದಾಟಲಾರದು. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ರೈಲುದಾರಿಯಲ್ಲಿ ಒಂದರ ನಂತರ ಒಂದು ಬರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಇಂಥ ನೆನಪಿನ ಬಲದಿಂದಲೇ ಬೆಳೆದ ಪೇಟೆಗಳು. ಹಾವೇರಿಯ ಏಲಕ್ಕಿ ಮಾಲೆ, ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಬಿತ್ತನೆ ಬೀಜ ಇವು ಮೂರೂ ಕೈಯಿಂದ ಕೈಗೆ ಸಾಗುವುದು ವಿಶ್ವಾಸದಿಂದ. ವಿಶ್ವಾಸವೆಂಬುದು ಹಲವು ವರ್ಷಗಳ ನೆನಪು ಗಟ್ಟಿಗೊಂಡು ಪಡೆದ ರೂಪವೇ ಆಗಿದೆ.

ಬ್ಯಾಡಗಿಯ ಪೇಟೆಯನ್ನೇ ನೋಡಬಹುದು. ಗಾಢವಾದ ಕೆಂಪು, ಸುಕ್ಕುಗಟ್ಟಿದ ಮೈ, ಮಿತವಾದ ಖಾರ ಇವು ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣಗಳು. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಅದರಿಂದ ತೆಗೆಯುವ ಬಣ್ಣದ ಸತ್ವಕ್ಕೆ ದೇಶವಿದೇಶಗಳಲ್ಲಿ ಬೇಡಿಕೆಯಿದೆ. ಸುಗ್ಗಿಯ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಮಾತ್ರವಲ್ಲದೆ ದೂರದ ಜಿಲ್ಲೆಗಳಿಂದಲೂ ಚೀಲಗಳು ಅಲ್ಲಿಗೆ ಬಂದು ಬೀಳುತ್ತವೆ. ರೈತನು ತನ್ನ ಮಾಲನ್ನು ತಂದು ಇಳಿಸುವುದು ದಲಾಲರ ಅಂಗಡಿಯಲ್ಲಿ. ಆ ಅಂಗಡಿಯ ಕಿರ್ದಿಯಲ್ಲಿ, ಖತಾವಣಿಯಲ್ಲಿ ರೈತನ ಹೆಸರು, ಊರು, ಹಿಂದಿನ ವರ್ಷ ಬಂದ ಚೀಲಗಳ ಸಂಖ್ಯೆ, ಬಿತ್ತನೆಯ ಕಾಲಕ್ಕೆ ಪಡೆದ ಮುಂಗಡ ಎಲ್ಲವೂ ಬರೆದಿರುತ್ತವೆ. ಪುಸ್ತಕದಲ್ಲಿ ಬರೆಯದ ಸಂಗತಿಗಳೂ ದಲಾಲರಿಗೆ ಗೊತ್ತು. ಯಾರ ಹೊಲದಲ್ಲಿ ನೀರಿದೆ, ಯಾರ ಮನೆಯಲ್ಲಿ ಮದುವೆ ಇದೆ, ಯಾರು ದರ ಏರುವವರೆಗೆ ಕಾಯಬಲ್ಲರು, ಯಾರು ಕಾಯಲಾರರು ಎಂಬುದೆಲ್ಲ ಅವರ ತಲೆಯಲ್ಲಿ ಅಚ್ಚೊತ್ತಿರುತ್ತದೆ.

ಈ ನೆನಪು ಒಮ್ಮೆ ಉಪಕಾರಿ, ಒಮ್ಮೆ ಅಪಾಯಕಾರಿ. ಆದರೂ ಅದಕ್ಕೆ ಮೂರು ಮಿತಿಗಳಿದ್ದವು. ಮೊದಲನೆಯದಾಗಿ, ತನ್ನ ವಿಷಯವನ್ನು ಯಾರು ನೆನಪಿಟ್ಟಿದ್ದಾರೆಂಬುದು ರೈತನಿಗೆ ತಿಳಿದಿತ್ತು. ಆ ಮುಖವನ್ನು ಅವನು ಗುರುತಿಸಬಲ್ಲನು. ಎರಡನೆಯದಾಗಿ, ಲೆಕ್ಕದಲ್ಲಿ ಸಂಶಯ ಬಂದರೆ ಪುಸ್ತಕವನ್ನು ತೆರೆದು ತೋರಿಸೆಂದು ಕೇಳಲು ಅವಕಾಶವಿತ್ತು. ಮೂರನೆಯದಾಗಿ, ಆ ನೆನಪು ಬಹುಮಟ್ಟಿಗೆ ಆ ಅಂಗಡಿಯಲ್ಲಿಯೇ ಉಳಿಯುತ್ತಿತ್ತು. ರಾಣೆಬೆನ್ನೂರಿನ ಬೀಜದ ಅಂಗಡಿಯವನಿಗೆ ಬ್ಯಾಡಗಿಯ ದಲಾಲರ ಖತಾವಣಿಯು ಕಾಣುತ್ತಿರಲಿಲ್ಲ. ಹಾವೇರಿಯ ಔಷಧದ ಅಂಗಡಿಯವನಿಗೆ ಈ ಇಬ್ಬರ ಪುಸ್ತಕವೂ ಕಾಣುತ್ತಿರಲಿಲ್ಲ. ಒಬ್ಬ ಮನುಷ್ಯನ ಬಾಳಿನ ಚೂರುಗಳು ಹಲವರ ಬಳಿ ಹರಿದು ಹಂಚಿಹೋಗಿದ್ದವು. ಅವನನ್ನು ಪೂರ್ತಿಯಾಗಿ ಬಲ್ಲವರು ಅವನ ಮನೆಯವರು ಮಾತ್ರ.

ಹಾಗೆಂದು ಹಳೆಯ ಪೇಟೆಯು ನಿರ್ಮಲವಾಗಿತ್ತೆಂದು ಭಾವಿಸಲಾಗದು. ಒಂದು ಕಾಲಕ್ಕೆ ಅನೇಕ ಪೇಟೆಗಳಲ್ಲಿಯೂ ದನದ ಸಂತೆಗಳಲ್ಲಿಯೂ ಟವೆಲಿನ ಮರೆಯಲ್ಲಿ ದರ ನಿಶ್ಚಯವಾಗುತ್ತಿತ್ತು. ದಲಾಲನೂ ಕೊಳ್ಳುವವನೂ ಬಟ್ಟೆಯ ಕೆಳಗೆ ಕೈ ಸೇರಿಸಿ, ಬೆರಳುಗಳನ್ನು ಒತ್ತಿ, ತಮ್ಮೊಳಗೆ ಮಾತು ಮುಗಿಸುತ್ತಿದ್ದರು. ಮಾಲಿನ ಒಡೆಯನು ಎದುರಿಗೇ ನಿಂತಿದ್ದರೂ ಬೆರಳುಗಳ ಭಾಷೆ ಅವನಿಗೆ ಕಾಣುತ್ತಿರಲಿಲ್ಲ. ಗುಟ್ಟು ಎಂಬುದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಯಾರ ಕೈಯಲ್ಲಿದೆ, ಯಾರಿಗೆ ಮರೆಯಾಗಿದೆ ಎಂಬುದನ್ನು ನೋಡಿ ಅದರ ಗುಣವನ್ನು ನಿರ್ಣಯಿಸಬೇಕಾಗುತ್ತದೆ. ನಿಯಂತ್ರಿತ ಮಾರುಕಟ್ಟೆಗಳು ಬಂದದ್ದು, ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ಜನಿಸಿದ್ದು ವ್ಯವಹಾರವನ್ನು ಈ ಮರೆಯಿಂದ ಹೊರಕ್ಕೆ ತರುವುದಕ್ಕಾಗಿ.

ಆಮೇಲೆ ಪೇಟೆಗೆ ಗಣಕಯಂತ್ರವು ಬಂದಿತು. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯು ಆರಂಭವಾದ ಮೇಲೆ ಕೃಷಿ ಮಾರುಕಟ್ಟೆಗಳಲ್ಲಿ ವಿದ್ಯುನ್ಮಾನ ಟೆಂಡರಿನ ಪದ್ಧತಿಯು ಹಬ್ಬಿತು. ರೈತನ ಚೀಲಗಳ ಗುಂಪಿಗೆ ಒಂದು ಲಾಟು ಸಂಖ್ಯೆ ದೊರೆಯುತ್ತದೆ. ಖರೀದಿದಾರರು ಮಾಲನ್ನು ನೋಡಿ, ತಮ್ಮ ತಮ್ಮ ದರವನ್ನು ಯಂತ್ರದಲ್ಲಿ ನಮೂದಿಸುತ್ತಾರೆ. ವೇಳೆ ಮುಗಿಯುವವರೆಗೆ ಒಬ್ಬರ ದರವು ಮತ್ತೊಬ್ಬರಿಗೆ ತಿಳಿಯುವುದಿಲ್ಲ. ಮುಗಿದೊಡನೆ ಮೇಲಿನ ದರವು ಪ್ರಕಟವಾಗುತ್ತದೆ. ಒಪ್ಪಿಗೆಯಾಗದಿದ್ದರೆ ಮಾರುವುದಿಲ್ಲವೆನ್ನುವ ಹಕ್ಕು ರೈತನಿಗಿದೆ. ಇಲ್ಲಿಯೂ ಗುಟ್ಟು ಇದೆ. ಆದರೆ ಅದರ ನಿಯಮವು ಎಲ್ಲರಿಗೂ ತಿಳಿದಿದೆ, ಅದರ ಅವಧಿಯು ಗೊತ್ತಾಗಿದೆ, ಅದರ ಫಲವು ಮಾಲಿನ ಒಡೆಯನಿಗೆ ಸಲ್ಲುತ್ತದೆ. ಚೀಲದ ಮೇಲಿನ ಆ ಸಂಖ್ಯೆಯ ಚೀಟಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂತರಜಾಲದಲ್ಲಿ ‘ಕುಕಿ’ ಎಂದು ಕರೆಯಲಾಗುವ ವಸ್ತುವು ಸುಲಭವಾಗಿ ಅರ್ಥವಾಗುತ್ತದೆ.

ಜಾಲತಾಣಗಳು ಸ್ವಭಾವತಃ ಮರೆಗುಳಿಗಳು. ಒಂದು ಪುಟವನ್ನು ಕೇಳಿದಾಗ ದೂರದ ಸರ್ವರ್ ಯಂತ್ರವು ಅದನ್ನು ಕಳುಹಿಸಿ ಕೈತೊಳೆದುಕೊಳ್ಳುತ್ತದೆ. ಮರುಕ್ಷಣವೇ ಅದೇ ವ್ಯಕ್ತಿಯು ಎರಡನೆಯ ಪುಟವನ್ನು ಕೇಳಿದರೆ, ಇವನು ಮೊದಲು ಬಂದವನೇ ಎಂಬುದು ಅದಕ್ಕೆ ತಿಳಿಯದು. ಜಾಲದ ಯಂತ್ರಗಳು ಪರಸ್ಪರ ಮಾತನಾಡುವ ಎಚ್‌ಟಿಟಿಪಿ ಎಂಬ ನಿಯಮಾವಳಿಯ ರಚನೆಯೇ ಹಾಗಿದೆ. ಓದುವುದಷ್ಟೇ ಉದ್ದೇಶವಾಗಿದ್ದ ಕಾಲದಲ್ಲಿ ಈ ಮರೆವಿನಿಂದ ಹಾನಿಯಿರಲಿಲ್ಲ. ಅಂಗಡಿ ತೆರೆಯಬೇಕೆಂದಾಗ ತೊಡಕಾಯಿತು. ಗಿರಾಕಿಯು ಒಂದು ವಸ್ತುವನ್ನು ಆರಿಸಿ, ಮತ್ತೊಂದನ್ನು ನೋಡಲು ಹೋಗಿ ಬರುವಷ್ಟರಲ್ಲಿ ಅಂಗಡಿಯವನು ಅವನ ಗುರುತನ್ನೇ ಮರೆತರೆ ವ್ಯಾಪಾರವು ನಡೆಯುವುದು ಹೇಗೆ?

ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬ ತರುಣ ತಂತ್ರಜ್ಞನು 1994ರಲ್ಲಿ ಇದಕ್ಕೆ ಒಂದು ಉಪಾಯವನ್ನು ಕಂಡುಹಿಡಿದನು. ಸರ್ವರ್ ಯಂತ್ರವು ಪುಟದ ಜೊತೆಗೆ ಒಂದು ಚಿಕ್ಕ ಚೀಟಿಯನ್ನೂ ಕಳುಹಿಸಬೇಕು; ಗಿರಾಕಿಯ ಗಣಕಯಂತ್ರದಲ್ಲಿರುವ ಬ್ರೌಸರ್ ಆ ಚೀಟಿಯನ್ನು ಜೋಪಾನವಾಗಿಡಬೇಕು; ಮುಂದೆ ಅದೇ ಜಾಲತಾಣಕ್ಕೆ ಹೋದಾಗಲೆಲ್ಲ ಚೀಟಿಯನ್ನು ತೋರಿಸಬೇಕು. ಇದಿಷ್ಟೇ ಆ ಉಪಾಯ. ಗಣಕತಜ್ಞರ ವಲಯದಲ್ಲಿ ಅದಾಗಲೇ ಬಳಕೆಯಲ್ಲಿದ್ದ ‘ಮ್ಯಾಜಿಕ್ ಕುಕಿ’ ಎಂಬ ಮಾತಿನಿಂದ ಅದಕ್ಕೆ ಕುಕಿ ಎಂಬ ಹೆಸರು ಬಂದಿತು. ತಿನ್ನುವ ಬಿಸ್ಕತ್ತಿಗೂ ಅದಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ.

ಕುಕಿಯು ಒಂದು ತುಣುಕು ಬರಹ. ಅದರಲ್ಲಿ ಸಾಮಾನ್ಯವಾಗಿ ಒಂದು ಹೆಸರು, ಒಂದು ಸಂಖ್ಯೆ, ಅದನ್ನು ಕೊಟ್ಟ ಜಾಲತಾಣದ ವಿಳಾಸ, ಅದು ಅಳಿಯಬೇಕಾದ ದಿನಾಂಕ ಇವು ಇರುತ್ತವೆ. ಅದು ತಾನಾಗಿ ಓಡಾಡುವ ಜೀವಿಯಲ್ಲ. ಯಂತ್ರದಲ್ಲಿರುವ ಚಿತ್ರಗಳನ್ನಾಗಲಿ ಪತ್ರಗಳನ್ನಾಗಲಿ ಅದು ಓದಲಾರದು. ಚೀಲದ ಮೇಲಿನ ಲಾಟು ಚೀಟಿಯಲ್ಲಿ ರೈತನ ಚರಿತ್ರೆಯು ಇರುವುದಿಲ್ಲ, ಸಂಖ್ಯೆಯಷ್ಟೇ ಇರುತ್ತದೆ. ಆ ಸಂಖ್ಯೆಯ ಎದುರಿಗೆ ಚರಿತ್ರೆಯನ್ನು ಬರೆದಿಡುವುದು ಅಂಗಡಿಯ ಪುಸ್ತಕ. ಕುಕಿಯ ವಿಷಯದಲ್ಲಿಯೂ ಹೀಗೆಯೇ. ಕೆಲವು ಕುಕಿಗಳು ಬ್ರೌಸರನ್ನು ಮುಚ್ಚಿದೊಡನೆ ಅಳಿಯುತ್ತವೆ. ಮತ್ತೆ ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ.

ಇವುಗಳ ಉಪಯೋಗವನ್ನು ಅಲ್ಲಗಳೆಯಲಾಗದು. ರೈಲಿನ ಟಿಕೆಟನ್ನು ಕಾದಿರಿಸುವಾಗ, ಬ್ಯಾಂಕಿನ ಖಾತೆಯನ್ನು ನೋಡುವಾಗ, ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವಾಗ ಪುಟದಿಂದ ಪುಟಕ್ಕೆ ಹೋದಂತೆಲ್ಲ ಹೆಸರನ್ನೂ ಗುಪ್ತಪದವನ್ನೂ ಮತ್ತೆ ಮತ್ತೆ ಕೊಡಬೇಕಾಗಿಲ್ಲವಷ್ಟೆ. ಆ ಅನುಕೂಲವು ಬಹುಮಟ್ಟಿಗೆ ಕುಕಿಯಿಂದ ದೊರೆತದ್ದು. ಒಮ್ಮೆ ಕನ್ನಡವನ್ನು ಆರಿಸಿದವನಿಗೆ ಮರುದಿನವೂ ಜಾಲತಾಣವು ಕನ್ನಡದಲ್ಲಿಯೇ ತೆರೆದುಕೊಳ್ಳುವುದೂ ಹಲವೆಡೆ ಇದರಿಂದಲೇ. ತಾನು ಹೋದ ಅಂಗಡಿಯವನು ತನ್ನನ್ನು ಗುರುತಿಸಿದರೆ ಯಾರಿಗೂ ಬೇಸರವಾಗುವುದಿಲ್ಲ. ಇಲ್ಲಿಯವರೆಗಿನ ಕಥೆಯು ಹಳೆಯ ಖತಾವಣಿಯ ಕಥೆಯೇ.

ತೊಡಕು ಬರುವುದು ಇದರ ಮುಂದೆ. ಜಾಲತಾಣದ ಒಂದು ಪುಟವು ಒಂದೇ ಸ್ಥಳದಿಂದ ಬರುತ್ತದೆಂದು ನೋಡುವವನು ತಿಳಿದಿರುತ್ತಾನೆ. ವಾಸ್ತವದಲ್ಲಿ ಬರಹವು ಒಂದೆಡೆಯಿಂದ, ಚಿತ್ರವು ಮತ್ತೊಂದೆಡೆಯಿಂದ, ಜಾಹೀರಾತು ಮೂರನೆಯ ಕಡೆಯಿಂದ ಬಂದು ಸೇರಿ ಪುಟವಾಗುತ್ತದೆ. ಹಾಗೆ ಬರುವ ಜಾಹೀರಾತಿನ ಸಂಸ್ಥೆಯೂ ತನ್ನದೊಂದು ಚೀಟಿಯನ್ನು ಅಂಟಿಸಬಲ್ಲದು. ಇದಕ್ಕೆ ಮೂರನೆಯವರ ಕುಕಿ ಎಂದು ಹೆಸರು. ಕೆಲವೊಮ್ಮೆ ಜಾಹೀರಾತು ಕಣ್ಣಿಗೆ ಬೀಳಬೇಕಾದದ್ದೂ ಇಲ್ಲ. ಪುಟದಲ್ಲಿ ಅಡಗಿದ ಒಂದು ಚುಕ್ಕೆಯ ಗಾತ್ರದ ಚಿತ್ರವೇ ಸಾಕು. ಅದೇ ಸಂಸ್ಥೆಯು ಸಾವಿರಾರು ಜಾಲತಾಣಗಳಲ್ಲಿ ಜಾಹೀರಾತು ನೀಡುತ್ತಿದ್ದರೆ, ಅವುಗಳಲ್ಲೆಲ್ಲ ಅದೇ ಚೀಟಿಯನ್ನು ಅದು ಗುರುತಿಸುತ್ತದೆ. ಪೇಟೆಯ ಪ್ರತಿಯೊಂದು ಅಂಗಡಿಯ ಬಾಗಿಲಲ್ಲಿಯೂ ಒಬ್ಬನೇ ವ್ಯಕ್ತಿಯು ನಿಂತು, ಒಳಹೋಗುವವರ ಬೆನ್ನಿನ ಮೇಲಿನ ಸಂಖ್ಯೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಂತೆ ಇದು. ಅಂಗಡಿಗೆ ಹೋದವನಿಗೆ ಅಂಗಡಿಯವನ ಪರಿಚಯವುಂಟು. ಬಾಗಿಲಲ್ಲಿ ನಿಂತವನ ಪರಿಚಯವಿಲ್ಲ. ತನ್ನ ಬೆನ್ನಿನ ಮೇಲೆ ಸಂಖ್ಯೆಯಿದೆಯೆಂಬುದೂ ಅವನಿಗೆ ತಿಳಿಯದು.

ಇದರ ಪರಿಣಾಮವನ್ನು ಅರಿಯಲು ಬ್ಯಾಡಗಿ ತಾಲ್ಲೂಕಿನ ಒಂದು ರೈತ ಕುಟುಂಬವನ್ನು ಊಹಿಸಿಕೊಳ್ಳಬಹುದು. ಮನೆಗೆಲ್ಲ ಒಂದೇ ಫೋನು. ಬೆಳಿಗ್ಗೆ ತಂದೆಯು ಅದರಲ್ಲಿ ಮೆಣಸಿನಕಾಯಿಯ ದರವನ್ನು ನೋಡುತ್ತಾನೆ. ಮಧ್ಯಾಹ್ನ ಮಗನು ಗಿಡಕ್ಕೆ ತಗುಲಿದ ನುಸಿಪೀಡೆಗೆ ಔಷಧವನ್ನು ಹುಡುಕುತ್ತಾನೆ. 2021ರ ನಂತರ ಹೊಸ ಜಾತಿಯ ನುಸಿಯೊಂದು ದಕ್ಷಿಣ ಭಾರತದ ಮೆಣಸಿನಕಾಯಿಯ ಹೊಲಗಳನ್ನು ಕಾಡಿದುದರಿಂದ ಇಂಥ ಹುಡುಕಾಟವು ಅಪರೂಪವಲ್ಲ. ಸಂಜೆ ಯಾರೋ ಬೆಳೆಸಾಲದ ಬಡ್ಡಿಯನ್ನು ವಿಚಾರಿಸುತ್ತಾರೆ. ರಾತ್ರಿ ಮಗಳು, ತಾಯಿಗೂ ಹೇಳಲು ಸಂಕೋಚಪಟ್ಟ ಒಂದು ಕಾಯಿಲೆಯ ಲಕ್ಷಣಗಳನ್ನು ಓದುತ್ತಾಳೆ. ದರ ತೋರಿಸಿದ ಜಾಲತಾಣಕ್ಕೆ ಸಾಲದ ಸಂಗತಿ ತಿಳಿಯದು. ಔಷಧದ ಜಾಲತಾಣಕ್ಕೆ ಕಾಯಿಲೆಯ ಸಂಗತಿ ತಿಳಿಯದು. ಆದರೆ ಈ ನಾಲ್ಕು ಪುಟಗಳಲ್ಲಿಯೂ ಒಬ್ಬನೇ ಮೂರನೆಯವನಿದ್ದರೆ ಅವನಿಗೆ ಎಲ್ಲವೂ ಒಟ್ಟಿಗೆ ಕಾಣುತ್ತದೆ. ಬೆಳೆ ಕೆಟ್ಟಿದೆ, ಹಣಕ್ಕೆ ತೊಂದರೆಯಿದೆ, ಮನೆಯಲ್ಲಿ ಅನಾರೋಗ್ಯವಿದೆ ಎಂಬ ಅನುಮಾನವನ್ನು ಅವನ ಯಂತ್ರವು ಕ್ಷಣಾರ್ಧದಲ್ಲಿ ಕಟ್ಟುತ್ತದೆ. ಆ ಮನೆಯವರ ಹೆಸರು ಅವನಿಗೆ ಬೇಕಾಗಿಲ್ಲ, ಸಂಖ್ಯೆಯೇ ಸಾಕು. ಮರುದಿನದಿಂದ ಆ ಫೋನಿನ ತೆರೆಯ ಮೇಲೆ, ಕಾಗದಪತ್ರವಿಲ್ಲದೆ ಕೂಡಲೇ ಸಾಲ ಕೊಡುತ್ತೇವೆಂಬ ಜಾಹೀರಾತುಗಳು ಮೂಡಿದರೆ ಅದು ಆಕಸ್ಮಿಕವಾಗಿರಲಾರದು.

ಜಾಹೀರಾತನ್ನು ನೋಡಿದ ಮಾತ್ರಕ್ಕೆ ಏನು ನಷ್ಟ ಎಂದು ಕೆಲವರು ಕೇಳಬಹುದು. ಪೇಟೆಯನ್ನು ಬಲ್ಲವರು ಹಾಗೆ ಕೇಳಲಾರರು. ತನ್ನ ಅಗತ್ಯವು ಎದುರಿನವನಿಗೆ ತಿಳಿದುಹೋದ ಮೇಲೆ ಚೌಕಾಶಿಯಲ್ಲಿ ಗೆಲ್ಲುವುದು ಕಷ್ಟ. ಈ ವಾರವೇ ಮಾರಲೇಬೇಕಾದ ರೈತನೆಂದು ಗೊತ್ತಾದರೆ ಅವನ ಮಾಲಿಗೆ ದರ ಬೀಳುತ್ತದೆ. ಇಂದೇ ಹಣ ಬೇಕಾದವನೆಂದು ಗೊತ್ತಾದರೆ ಅವನಿಗೆ ಬಡ್ಡಿ ಏರುತ್ತದೆ. ಕಡಿಮೆ ಅವಧಿಗೆ ಸಾಲ ಕೊಟ್ಟು, ಸಾಲಗಾರನ ಫೋನಿನಲ್ಲಿದ್ದ ಬಂಧುಮಿತ್ರರ ಸಂಖ್ಯೆಗಳನ್ನೆಲ್ಲ ಎತ್ತಿಕೊಂಡು, ಅವರಿಗೆ ಕರೆ ಮಾಡಿ ಅವಮಾನಿಸುವ ಸಾಲದ ಆ್ಯಪುಗಳ ಹಾವಳಿಯು ದೇಶದಲ್ಲೆಲ್ಲ ಕೇಳಿಬಂದಿತು. ಅದರಿಂದಾಗಿ ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ, ಸಾಲ ನೀಡುವ ಆ್ಯಪುಗಳು ಫೋನಿನ ಸಂಪರ್ಕಪಟ್ಟಿಯನ್ನು ಮುಟ್ಟಕೂಡದೆಂದು ನಿಯಮ ಮಾಡಬೇಕಾಯಿತು. ಆ್ಯಪುಗಳು ಬಳಸುವ ತಂತ್ರವು ಕುಕಿಗಿಂತ ಬೇರೆಯಾಗಿದ್ದರೂ ಮೂಲವಿಷಯವು ಒಂದೇ. ಒಬ್ಬನ ಕಷ್ಟದ ತಿಳಿವಳಿಕೆಯು ಮತ್ತೊಬ್ಬನ ಕೈಯಲ್ಲಿ ಆಯುಧವಾಗಬಲ್ಲದು. ಟೆಂಡರಿನ ಪೆಟ್ಟಿಗೆಯನ್ನು ವೇಳೆಗೆ ಮೊದಲು ತೆರೆಯಬಾರದೆಂಬ ನಿಯಮವು ಎಷ್ಟು ನ್ಯಾಯವೋ, ಮನುಷ್ಯನ ಅಗತ್ಯಗಳನ್ನು ಅವನಿಗರಿಯದಂತೆ ತೆರೆಯಬಾರದೆಂಬುದೂ ಅಷ್ಟೇ ನ್ಯಾಯ.

‘ತಪ್ಪು ಮಾಡದವನಿಗೆ ಗುಟ್ಟೇಕೆ?’ ಎಂಬ ಇನ್ನೊಂದು ವಾದವಿದೆ. ಮೇಲುನೋಟಕ್ಕೆ ಇದು ಸಜ್ಜನರ ಮಾತಿನಂತೆ ತೋರುತ್ತದೆ. ಆದರೆ ಹಾವೇರಿ ಸೀಮೆಯ ಯಾವ ಹಳೆಯ ಮನೆಯನ್ನು ಹೊಕ್ಕರೂ ಅದಕ್ಕೆ ಉತ್ತರವು ದೊರೆಯುತ್ತದೆ. ಕಟ್ಟೆಯ ಮೇಲೆ ದಾರಿಹೋಕನೂ ಕುಳಿತುಕೊಳ್ಳಬಹುದು. ಪಡಸಾಲೆಯವರೆಗೆ ಪರಿಚಿತರಿಗೆ ಪ್ರವೇಶವುಂಟು. ಒಳಮನೆಗೆ ಮನೆಯವರು ಮಾತ್ರ. ಒಳಮನೆಯಲ್ಲಿ ಯಾವ ಅಪರಾಧವೂ ನಡೆಯುತ್ತಿರುವುದಿಲ್ಲ. ಬಾಣಂತಿಯು ಮಲಗಿರುತ್ತಾಳೆ, ಕಾಳಿನ ಚೀಲಗಳಿರುತ್ತವೆ, ಹಿರಿಯರು ತಮ್ಮೊಳಗೆ ಸಾಲದ ಮಾತನಾಡುತ್ತಿರುತ್ತಾರೆ. ಯಾರಿಗೆ ಎಲ್ಲಿಯವರೆಗೆ ಪ್ರವೇಶವೆಂಬುದನ್ನು ತೀರ್ಮಾನಿಸುವವರು ಮನೆಯವರು ಎಂಬುದರಲ್ಲಿಯೇ ಮನೆಯ ಗೌರವವು ಅಡಗಿದೆ. ಖಾಸಗಿತನವೆಂದರೆ ಈ ತೀರ್ಮಾನದ ಅಧಿಕಾರ. ಸಂಕೋಚದ ಕಾಯಿಲೆಯ ಬಗ್ಗೆ ಓದಿದ ಆ ಹುಡುಗಿಯು ಯಾವ ತಪ್ಪನ್ನೂ ಮಾಡಿಲ್ಲ. ಯಾರೋ ನೋಡುತ್ತಿದ್ದಾರೆಂಬ ಅಳುಕಿನಿಂದ ಅವಳು ಓದುವುದನ್ನೇ ಬಿಟ್ಟರೆ ನಷ್ಟವಾಗುವುದು ಅವಳ ಆರೋಗ್ಯಕ್ಕೆ.

ಈ ಅಧಿಕಾರಕ್ಕೆ ಭಾರತದಲ್ಲಿ ಸಂವಿಧಾನದ ಬಲ ದೊರೆತುದರಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರ ಪಾಲು ದೊಡ್ಡದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ವಿಚಾರಣೆಯ ಕಾಲದಲ್ಲಿ, ಖಾಸಗಿತನವು ಮೂಲಭೂತ ಹಕ್ಕೇ ಹೌದೋ ಅಲ್ಲವೋ ಎಂಬ ಪ್ರಶ್ನೆಯೆದ್ದಿತು. 1954ರ ಮತ್ತು 1962ರ ಎರಡು ತೀರ್ಪುಗಳು ಅದು ಅಲ್ಲವೆಂಬ ವಾದಕ್ಕೆ ಆಸರೆಯಾಗಿದ್ದವು. ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನವು ಕಾಪಾಡುವ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಜೀವಿಸುವ ಹಕ್ಕನ್ನೂ ವ್ಯಕ್ತಿಸ್ವಾತಂತ್ರ್ಯವನ್ನೂ ಹೇಳುವ 21ನೆಯ ವಿಧಿಯಲ್ಲಿಯೇ ಅದು ನೆಲೆಸಿದೆಯೆಂದು ನ್ಯಾಯಾಲಯವು ಕಂಡಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ತೀರ್ಪು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಹಕ್ಕು ಇದೆಯೆಂದ ಮೇಲೆ ಅದನ್ನು ಬಿಟ್ಟುಕೊಡುವುದಕ್ಕೆ ಒಪ್ಪಿಗೆ ಬೇಕು. ಯೂರೋಪಿನ ಒಕ್ಕೂಟವು 2002ರ ತನ್ನ ನಿರ್ದೇಶನವನ್ನು 2009ರಲ್ಲಿ ತಿದ್ದಿ, ಅತ್ಯವಶ್ಯವಲ್ಲದ ಕುಕಿಗಳನ್ನು ಇಡುವ ಮೊದಲು ಬಳಕೆದಾರನ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. 2018ರಲ್ಲಿ ಜಾರಿಗೆ ಬಂದ ಅಲ್ಲಿನ ದತ್ತಾಂಶ ಸಂರಕ್ಷಣಾ ಶಾಸನವು ಒಪ್ಪಿಗೆಯ ಅರ್ಥವನ್ನು ಇನ್ನೂ ಬಿಗಿಗೊಳಿಸಿತು. ಜಾಲತಾಣವನ್ನು ತೆರೆದೊಡನೆ ‘ಕುಕಿಗಳನ್ನು ಒಪ್ಪುವಿರಾ?’ ಎಂದು ಕೇಳುವ ಫಲಕಗಳು ಜಗತ್ತಿನಲ್ಲೆಲ್ಲ ಕಾಣಿಸಿಕೊಂಡದ್ದು ಇದರ ಪರಿಣಾಮ. ಆದರೆ ಕೇಳುವುದರಲ್ಲಿಯೂ ಜಾಣತನವುಂಟು. ಒಪ್ಪಿಗೆಯ ಗುಂಡಿಯು ದೊಡ್ಡದಾಗಿ ಬಣ್ಣದಿಂದ ಹೊಳೆಯುತ್ತದೆ. ನಿರಾಕರಣೆಯ ಗುಂಡಿಯನ್ನು ಎರಡು ಮೂರು ಪುಟಗಳ ಹಿಂದೆ ಹುಡುಕಬೇಕಾಗುತ್ತದೆ. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರನು ಅಳಿಸದೆ ಬಿಟ್ಟರೆ ಅದು ಒಪ್ಪಿಗೆಯಾಗಲಾರದೆಂದು ಯೂರೋಪಿನ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. ಸುಮ್ಮನಿದ್ದುದನ್ನೇ ಸಮ್ಮತಿಯೆಂದು ಬರೆದುಕೊಳ್ಳುವುದಕ್ಕೆ ಅಲ್ಲಿ ತಡೆ ಬಿದ್ದಿತು.

ಭಾರತದಲ್ಲಿ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅಂಗೀಕಾರಗೊಂಡಿತು. ಅದರಲ್ಲಿ ಕುಕಿ ಎಂಬ ಪದವಿಲ್ಲ. ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಯಾವ ಮಾಹಿತಿಯನ್ನಾದರೂ ಅವನ ಒಪ್ಪಿಗೆಯ ಮೇಲೆ ಸಂಗ್ರಹಿಸುವಾಗ, ಆ ಒಪ್ಪಿಗೆಯು ಸ್ವತಂತ್ರವಾಗಿ, ನಿರ್ದಿಷ್ಟವಾಗಿ, ತಿಳಿದು ಕೊಟ್ಟದ್ದಾಗಿ, ಷರತ್ತಿಲ್ಲದೆ, ಸಂದಿಗ್ಧವಿಲ್ಲದೆ ಇರಬೇಕೆಂದು ಅದು ಹೇಳುತ್ತದೆ. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ಅವಕಾಶವಿರಬೇಕು. ಕರ್ತವ್ಯಗಳನ್ನು ಮೀರಿದ ಸಂಸ್ಥೆಗೆ ತಪ್ಪಿನ ಗುರುತ್ವವನ್ನು ನೋಡಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು, ಸಂಸ್ಥೆಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶವನ್ನು ಇಟ್ಟಿವೆ.

ಈ ಅಧಿನಿಯಮದ ಎರಡು ವಿಧಿಗಳು ವಿಶೇಷವಾಗಿ ಗಮನಾರ್ಹವಾದವು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿಯಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿಯಾಗಲಿ ಓದುವ ಆಯ್ಕೆಯು ಪ್ರಜೆಗೆ ಇರಬೇಕೆಂಬುದು ಮೊದಲನೆಯದು. ಆ ಅನುಸೂಚಿಯಲ್ಲಿರುವ ಇಪ್ಪತ್ತೆರಡು ಭಾಷೆಗಳಲ್ಲಿ ಕನ್ನಡವೂ ಒಂದು. ಇದು ಚಿಕ್ಕ ಸಂಗತಿಯೆಂದು ತೋರಬಹುದು. ಅಕ್ಷರವರಿಯದ ರೈತನು ಸಾಹುಕಾರನು ಬರೆದ ಪತ್ರದ ಕೆಳಗೆ, ಅದರಲ್ಲಿ ಏನಿದೆಯೆಂದು ತಿಳಿಯದೆ, ಹೆಬ್ಬೆಟ್ಟನ್ನು ಒತ್ತುತ್ತಿದ್ದ ಕಾಲವೊಂದಿತ್ತು. ಆ ಒಂದು ಗುರುತಿನಿಂದ ಹೊಲಗಳು ಕೈಬಿಟ್ಟುಹೋದ ಮನೆತನಗಳ ಕಥೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ತಿಳಿಯದ ಭಾಷೆಯ ಸೂಚನೆಯ ಕೆಳಗಿರುವ ಗುಂಡಿಯನ್ನು, ಮುಂದಿನ ಪುಟ ಬೇಗ ಬರಲೆಂಬ ಅವಸರದಲ್ಲಿ ಒತ್ತುವುದು ಆ ಹೆಬ್ಬೆಟ್ಟಿಗಿಂತ ಹೆಚ್ಚು ಭಿನ್ನವಾದುದಲ್ಲ. ವ್ಯತ್ಯಾಸವಿಷ್ಟೇ: ಅಂದಿನ ರೈತನಿಗೆ ಓದಲು ಬಾರದಿತ್ತು, ಇಂದಿನವನಿಗೆ ಓದಲು ಬರುತ್ತದೆ, ಓದುವ ಭಾಷೆಯಲ್ಲಿ ಬರೆದಿರುವುದಿಲ್ಲ. ಹಾಗೆಂದು ಕನ್ನಡದ ಅಕ್ಷರಗಳಿದ್ದರೆ ಮಾತ್ರ ಸಾಲದು. ಬ್ಯಾಡಗಿಯ ರೈತನೂ ರಾಣೆಬೆನ್ನೂರಿನ ಅಂಗಡಿಯ ಗುಮಾಸ್ತನೂ ಓದಿ ಅರ್ಥಮಾಡಿಕೊಳ್ಳುವ ಕನ್ನಡದಲ್ಲಿ, ಯಾವ ಮಾಹಿತಿ, ಯಾರಿಗೆ, ಏತಕ್ಕೆ ಎಂಬ ಮೂರು ಮಾತುಗಳು ಅಲ್ಲಿರಬೇಕು.

ಎರಡನೆಯ ವಿಧಿಯು ಮಕ್ಕಳಿಗೆ ಸಂಬಂಧಿಸಿದುದು. ಹದಿನೆಂಟು ವರ್ಷ ತುಂಬದವರ ಮಾಹಿತಿಯನ್ನು ಬಳಸಲು ತಂದೆ ಅಥವಾ ತಾಯಿಯ, ಇಲ್ಲವೆ ಪೋಷಕರ, ಪರಿಶೀಲಿಸಬಹುದಾದ ಒಪ್ಪಿಗೆಯು ಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಕ್ಕಳ ಜಾಡನ್ನು ಹಿಡಿದು ಅವರ ನಡೆಯನ್ನು ಗಮನಿಸುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತುಗಳನ್ನೂ ಅಧಿನಿಯಮವು ನಿಷೇಧಿಸುತ್ತದೆ. ಬೆಳೆಯುವ ವಯಸ್ಸು ತಪ್ಪು ಹೆಜ್ಜೆಗಳ ವಯಸ್ಸು. ಇಂದು ಇಷ್ಟವಾದುದು ನಾಳೆ ಬೇಡವಾಗುತ್ತದೆ. ಇಂದು ಕೇಳಿದ ಪ್ರಶ್ನೆಗೆ ನಾಳೆ ನಗು ಬರುತ್ತದೆ. ಊರು ಅವುಗಳನ್ನು ಕಾಲಕ್ರಮದಲ್ಲಿ ಮರೆಯುತ್ತಿತ್ತು. ಆ ಮರೆವು ಹಿರಿಯರು ಮಕ್ಕಳಿಗೆ ನೀಡಿದ ಒಂದು ಔದಾರ್ಯವಾಗಿತ್ತು. ಯಂತ್ರಕ್ಕೆ ಆ ಔದಾರ್ಯವು ಸ್ವಭಾವದಿಂದ ಬಾರದು. ಕಾನೂನು ಅದನ್ನು ಕಲಿಸಬೇಕಾಗಿದೆ.

ಕಾನೂನು ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಫೈರ್‌ಫಾಕ್ಸ್ ಎಂಬ ಬ್ರೌಸರ್ 2019ರಿಂದ, ಜಾಡು ಹಿಡಿಯುವುದಕ್ಕೆ ಹೆಸರಾದ ಮೂರನೆಯವರ ಕುಕಿಗಳನ್ನು ತಾನಾಗಿಯೇ ತಡೆಯತೊಡಗಿತು. ಆ್ಯಪಲ್ ಸಂಸ್ಥೆಯ ಸಫಾರಿಯು 2020ರಲ್ಲಿ ಮೂರನೆಯವರ ಕುಕಿಗಳನ್ನು ಪೂರ್ತಿಯಾಗಿ ತಡೆಯಿತು. ಗೂಗಲ್ ಸಂಸ್ಥೆಯು ತನ್ನ ಕ್ರೋಮ್‌ನಿಂದ ಅವುಗಳನ್ನು ತೆಗೆದುಹಾಕುವುದಾಗಿ 2020ರಲ್ಲಿ ಹೇಳಿ, 2024ರಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಆದರೂ ಕ್ರೋಮ್‌ನ ಸೆಟ್ಟಿಂಗುಗಳಲ್ಲಿ ಮೂರನೆಯವರ ಕುಕಿಗಳನ್ನು ತಡೆಯುವ ಆಯ್ಕೆಯಿದೆ. ಅದನ್ನು ಆರಿಸಲು ಒಂದು ನಿಮಿಷವೂ ಬೇಡ. ಹಾವೇರಿಯ ಬಸ್ ನಿಲ್ದಾಣದ ಬಳಿಯ ಗಣಕಕೇಂದ್ರದಲ್ಲಿ ಪರೀಕ್ಷೆಯ ಅರ್ಜಿ ತುಂಬಿದ ವಿದ್ಯಾರ್ಥಿಯು ಎದ್ದು ಹೋಗುವ ಮುನ್ನ ಖಾತೆಯಿಂದ ಹೊರಬರಲು ಮರೆಯಬಾರದು. ಖಾತೆಯು ತೆರೆದೇ ಇರುವಂತೆ ನೋಡಿಕೊಳ್ಳುವ ಚೀಟಿಯು ಆ ಯಂತ್ರದಲ್ಲಿಯೇ ಉಳಿದು, ಮುಂದೆ ಬಂದು ಕುಳಿತವನಿಗೆ ಬಾಗಿಲು ತೆರೆಯುತ್ತದೆ. ಬ್ರೌಸರಿನ ಖಾಸಗಿ ಕಿಟಕಿಯನ್ನು ಬಳಸಿದರೆ, ಮುಚ್ಚಿದೊಡನೆ ಅದರ ಕುಕಿಗಳು ಆ ಯಂತ್ರದಿಂದ ಅಳಿಯುತ್ತವೆ. ಆದರೆ ಜಾಲತಾಣದ ಕಣ್ಣಿಗೆ ಅದು ಪರದೆಯಾಗುವುದೆಂದು ನಂಬಬಾರದು. ಫೋನಿನ ತೆರೆಯ ಅಳತೆ, ಅಕ್ಷರಗಳ ವಿನ್ಯಾಸ ಮೊದಲಾದ ಲಕ್ಷಣಗಳನ್ನು ಕೂಡಿಸಿ, ಚೀಟಿಯಿಲ್ಲದೆಯೇ ಮನುಷ್ಯನನ್ನು ಗುರುತಿಸುವ ಉಪಾಯಗಳೂ ಬಂದಿವೆ. ನಡಿಗೆಯನ್ನು ನೋಡಿಯೇ ಗಿರಾಕಿ ಯಾರೆಂದು ಹೇಳುವ ಅಂಗಡಿಯವನಂತೆ ಅವು ಕೆಲಸ ಮಾಡುತ್ತವೆ. ಆದ್ದರಿಂದ ಎಚ್ಚರಿಕೆಯೂ ಬೇಕು, ಕಾನೂನೂ ಬೇಕು.

ನೆನಪನ್ನು ಪೂರ್ತಿಯಾಗಿ ತೊಡೆದುಹಾಕಬೇಕೆಂದು ಯಾರೂ ಬಯಸಲಾರರು. ಉದ್ರಿ ಕೊಟ್ಟವನು ಮರೆತರೆ ಅಂಗಡಿಯು ಮುಳುಗುತ್ತದೆ. ಗುರುತು ಹಿಡಿಯದ ಜಾಲತಾಣದಿಂದ ಯಾವ ಕೆಲಸವೂ ಸಾಗದು. ಆದರೆ ಖತಾವಣಿಯನ್ನು ಇಟ್ಟವರು ಯಾರೆಂದು ತಿಳಿಯಬೇಕು, ಅದರಲ್ಲಿ ತನ್ನ ಹೆಸರಿನ ಎದುರಿಗೆ ಏನಿದೆಯೆಂದು ಕೇಳಿದರೆ ತೋರಿಸಬೇಕು, ವ್ಯವಹಾರವು ತೀರಿದ ಮೇಲೆ ಲೆಕ್ಕವನ್ನು ಮುಚ್ಚಬೇಕು ಎಂಬುದು ಪೇಟೆಯು ತಲೆಮಾರುಗಳ ಅನುಭವದಿಂದ ಕಲಿತ ನೀತಿ. ಯಂತ್ರವು ಎಷ್ಟು ಹೊಸದಾದರೂ ಈ ನೀತಿಯು ಹಳತಾಗುವುದಿಲ್ಲ. ಮನೆಯಲ್ಲಿ ಓದು ಬಲ್ಲ ಮಗನೋ ಮಗಳೋ ಇದ್ದರೆ, ಫೋನಿನ ತೆರೆಯ ಮೇಲೆ ಸೂಚನೆ ಬಂದಾಗ ಅವಸರಪಡದೆ ಅದನ್ನು ಹಿರಿಯರಿಗೆ ಓದಿ ಹೇಳುವುದು ಅವರ ಕರ್ತವ್ಯವಾಗಿದೆ. ಓದಿದ ಮೇಲೆ ಒಪ್ಪಬಹುದು, ಒಪ್ಪದೆಯೂ ಇರಬಹುದು. ದರವನ್ನು ಕೇಳಿದ ಮೇಲೆ, ಮಾರುವುದಿಲ್ಲವೆಂದು ಚೀಲವನ್ನು ಕಟ್ಟಿಕೊಳ್ಳುವ ಹಕ್ಕು ರೈತನಿಗೆ ಇರುವಂತೆಯೇ ಇದೂ ಒಂದು ಹಕ್ಕು.